ಹಾರ್ಮೋನಿಯಂ ನಿಷೇಧವೂ ಜಾನ್ ಫೋಲ್ಡ್ಸನೂ

ಸಂಗೀತದ ವಿಷಯವಾಗಿ ನಮ್ಮಲ್ಲಿ ಭಾಷಣ ಮಾಡತಕ್ಕವರೂ ಲೇಖನ ಬರೆಯತಕ್ಕವರೂ ಒಂದು ಕಥೆಯನ್ನು ಬಾಯಿಪಾಠಮಾಡಿಕೊಂಡಂತೆ ತೋರುತ್ತದೆ. ಆ ಕಥೆಯು ಹೀಗಿದೆ: ಆಂಗ್ಲೇಯರ ಆಳ್ವಿಕೆಯ ಕೊನೆಗಾಲದಲ್ಲಿ ದೆಹಲಿಯ ರೇಡಿಯೋ ಕಚೇರಿಯಲ್ಲಿ ಜಾನ್ ಫೋಲ್ಡ್ಸ್ ಎಂಬೊಬ್ಬ ಬಿಳಿಯ ಅಧಿಕಾರಿಯಿದ್ದನಂತೆ. ಅವನಿಗೆ ನಮ್ಮ ಸಂಗೀತದ ಗಂಧವೇ ಇರಲಿಲ್ಲವಂತೆ. ಆದರೂ ಹಾರ್ಮೋನಿಯಂ ಎಂಬ ವಾದ್ಯವು ಭಾರತೀಯ ಸಂಗೀತಕ್ಕೆ ತಕ್ಕುದಲ್ಲವೆಂದು ಒಂದು ಅಪ್ಪಣೆಯನ್ನು ಹೊರಡಿಸಿ, ಅದನ್ನು ದೇಶದ ರೇಡಿಯೋ ನಿಲಯಗಳಿಂದ ಹೊರದೂಡಿದನಂತೆ. ನಮ್ಮವರು ದಾಸ್ಯಬುದ್ಧಿಯಿಂದ ಆ ಅಪ್ಪಣೆಯನ್ನು ಶಿರಸಾವಹಿಸಿ, ಸ್ವಾತಂತ್ರ್ಯ ಬಂದ ಮೇಲೂ ಮೂವತ್ತು ವರ್ಷ ತುಂಬುವವರೆಗೆ ಪಾಲಿಸಿದರಂತೆ. ಕೇಳುವವರು ತಲೆದೂಗುತ್ತಾರೆ, ಪರಕೀಯರ ದುರಾಡಳಿತಕ್ಕೆ ಇನ್ನೊಂದು ನಿದರ್ಶನ ದೊರೆಯಿತೆಂದು ಸಮಾಧಾನಪಡುತ್ತಾರೆ. ಕಥೆಯೇನೋ ಸೊಗಸಾಗಿದೆ. ಆದರೆ ಅದು ಸುಳ್ಳು. ಸುಳ್ಳಾಗಿರುವುದು ಮಾತ್ರವಲ್ಲದೆ, ನಮ್ಮ ಸಂಗೀತವನ್ನು ತನ್ನ ನಾಡಿನವರೆಲ್ಲರಿಗಿಂತ ಹೆಚ್ಚು ಗೌರವದಿಂದ ಕಂಡು, ಈ ದೇಶದ ಮಣ್ಣಿನಲ್ಲಿಯೇ ದೇಹವನ್ನು ಬಿಟ್ಟ ಒಬ್ಬ ಕಲಾವಿದನ ಮೇಲೆ ಹೊರಿಸಿದ ಅಪವಾದವೂ ಆಗಿದೆ. ಅದನ್ನು ಖಂಡಿಸುವುದೇ ಈ ಲೇಖನದ ಉದ್ದೇಶ.

ಮೊದಲು ಕಾಲವನ್ನು ವಿಚಾರಿಸೋಣ. ಹಾರ್ಮೋನಿಯಂ ವಾದ್ಯವನ್ನು ರೇಡಿಯೋದಿಂದ ಹೊರಗಿಟ್ಟ ಆಜ್ಞೆಯು ಜಾರಿಗೆ ಬಂದದ್ದು 1940ನೆಯ ಇಸವಿ ಮಾರ್ಚಿ 1ನೆಯ ತಾರೀಖಿನಲ್ಲಿ. ಫೋಲ್ಡ್ಸನು ಕಲ್ಕತ್ತೆಯಲ್ಲಿ ಕಾಲರಾ ಬೇನೆಗೆ ತುತ್ತಾಗಿ ತೀರಿಕೊಂಡದ್ದು 1939ನೆಯ ಇಸವಿ ಏಪ್ರಿಲ್ ತಿಂಗಳಿನಲ್ಲಿ. ಸತ್ತು ಹತ್ತು ತಿಂಗಳಾದ ಮನುಷ್ಯನು ಅಪ್ಪಣೆ ಕೊಡಿಸುವುದು ಗರುಡಪುರಾಣದಲ್ಲಿ ಸಾಧ್ಯವೋ ಏನೋ. ಸರ್ಕಾರದ ಕಚೇರಿಯಲ್ಲಿ ಸಾಧ್ಯವಲ್ಲ. ಇನ್ನು ಅಧಿಕಾರವನ್ನು ವಿಚಾರಿಸಿದರೆ, ಆತನು ದೆಹಲಿಯಲ್ಲಿ ವಹಿಸಿದ್ದುದು ಯೂರೋಪಿಯನ್ ಸಂಗೀತ ವಿಭಾಗದ ನಿರ್ದೇಶಕತ್ವ. ಭಾರತೀಯ ಸಂಗೀತದ ಕಾರ್ಯಕ್ರಮಗಳು ಅವನ ಆಡಳಿತಕ್ಕೆ ಸೇರಿದುವಲ್ಲ. ಅವನು ಮಾಡಿದ್ದು ಇಷ್ಟು: 1938ರಲ್ಲಿ ರೇಡಿಯೋದವರ ‘ಇಂಡಿಯನ್ ಲಿಸನರ್’ ಎಂಬ ಪತ್ರಿಕೆಯಲ್ಲಿ ಹಾರ್ಮೋನಿಯಂ ವಾದ್ಯವನ್ನು ಖಂಡಿಸಿ ಒಂದು ಲೇಖನ ಬರೆದನು. ಆ ವಾದ್ಯದ ಹೆಸರಿನ ಮೊದಲ ಭಾಗಕ್ಕೆ ಇಂಗ್ಲಿಷಿನಲ್ಲಿ ಹಾನಿಯೆಂಬ ಅರ್ಥವು ಹೊರಡುತ್ತದಾದ್ದರಿಂದ, ಆ ಶ್ಲೇಷವನ್ನೇ ಹಿಡಿದು ತಲೆಬರಹವನ್ನು ಕಟ್ಟಿದನು. ಲೇಖನ ಬರೆಯುವುದು ಅಪರಾಧವಾದರೆ ಈ ಪತ್ರಿಕೆಯಲ್ಲಿ ಬರೆಯುವ ನಾವೆಲ್ಲರೂ ದಂಡನೆಗೆ ಅರ್ಹರು.

ಹಾಗಾದರೆ ನಿಷೇಧದ ಬೆನ್ನಿಗೆ ನಿಂತವರು ಯಾರು? ರೇಡಿಯೋದ ಆಗಿನ ಮುಖ್ಯಾಧಿಕಾರಿಯಾಗಿದ್ದ ಲಯೊನೆಲ್ ಫೀಲ್ಡನ್ ಎಂಬವನಿಗೂ ಆ ವಾದ್ಯವು ಸರಿಬೀಳುತ್ತಿರಲಿಲ್ಲ. ಆದರೆ ಅಪ್ಪಣೆಗೆ ಆರು ವಾರ ಮೊದಲು, 1940ರ ಜನವರಿಯಲ್ಲಿ, ಕಲ್ಕತ್ತೆಯ ನಿಲಯಕ್ಕೆ ಪತ್ರ ಬರೆದು ಈ ವಾದ್ಯವನ್ನು ತೊಲಗಿಸಬೇಕೆಂದು ಕೇಳಿಕೊಂಡವರು ಸಾಕ್ಷಾತ್ ರವೀಂದ್ರನಾಥ ಠಾಕೂರರು. ತಮ್ಮ ಆಶ್ರಮದಲ್ಲಿ ಅದಕ್ಕೆ ಎಡೆಯೇ ಇಲ್ಲವೆಂಬುದನ್ನೂ ಅವರು ತಿಳಿಸಿದ್ದರು. ಆನಂದ ಕುಮಾರಸ್ವಾಮಿಯವರು ಅದಕ್ಕೂ ಬಹಳ ಹಿಂದೆಯೇ ಇದೇ ಅಭಿಪ್ರಾಯವನ್ನು ಗ್ರಂಥಮುಖದಲ್ಲಿ ಪ್ರಕಟಿಸಿದ್ದರು. ಹೀಗಿರುವಲ್ಲಿ ನಮ್ಮ ಭಾಷಣಕಾರರು ರವೀಂದ್ರರ ಹೆಸರನ್ನೇಕೆ ಎತ್ತುವುದಿಲ್ಲ? ಎತ್ತಿದರೆ ಅವರೊಡನೆ ವಾದಿಸಬೇಕಾಗುತ್ತದೆ. ವಾದಿಸುವುದಕ್ಕೆ ಶ್ರಮವೂ ಧೈರ್ಯವೂ ಬೇಕು. ಸತ್ತ ಆಂಗ್ಲೇಯನಾದರೋ ಎದುರುತ್ತರ ಕೊಡನು. ರವೀಂದ್ರರ ಗೀತಗಳು ಬೇಕು, ಅವರ ಪತ್ರ ಬೇಡ ಎಂಬ ಈ ಅರ್ಧಜರತೀಯವು ಪಂಡಿತರಿಗೆ ಶೋಭಿಸುವ ಮಾರ್ಗವಲ್ಲ.

ಈಗ, ಸಂಗೀತದ ಗಂಧವೇ ಇಲ್ಲದವನು ಎಂಬ ಮಾತಿಗೆ ಬರುತ್ತೇನೆ. ಜಾನ್ ಫೋಲ್ಡ್ಸ್ ಹುಟ್ಟಿದ್ದು 1880ನೆಯ ಇಸವಿ ನವೆಂಬರ್ 2ರಂದು, ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರದ ಹಲ್ಮ್ ಎಂಬ ಬಡ ಕೇರಿಯಲ್ಲಿ. ತಂದೆಯು ಆ ನಗರದ ಹ್ಯಾಲೆ ವಾದ್ಯವೃಂದದಲ್ಲಿ ಬಸ್ಸೂನ್ ಎಂಬ ಊದುವಾದ್ಯವನ್ನು ನುಡಿಸುತ್ತಿದ್ದವನು. ಮನೆಯಲ್ಲಿ ಬಡತನ. ಹುಡುಗನು ಯಾವ ಮಹಾವಿದ್ಯಾಲಯದಲ್ಲಿಯೂ ಕಲಿತವನಲ್ಲ. ಎಳೆವಯಸ್ಸಿನಲ್ಲಿಯೇ ನಾಟಕಶಾಲೆಗಳ ಮೇಳಗಳಲ್ಲಿ ಚೆಲ್ಲೋ ಬಾರಿಸಿ ಹೊಟ್ಟೆಹೊರೆಯುತ್ತ, ಹಾಗೆಯೇ ವಿದ್ಯೆಯನ್ನು ಕೂಡಿಸಿಕೊಂಡನು. 1900ರಲ್ಲಿ ತಂದೆಯಿದ್ದ ಹ್ಯಾಲೆ ವೃಂದವನ್ನೇ ಸೇರಿದನು. ಅದರ ನಾಯಕನಾಗಿದ್ದವನು ವಾಗ್ನರನ ಆಪ್ತನೆಂದು ಯೂರೋಪಿನಲ್ಲೆಲ್ಲ ಖ್ಯಾತನಾದ ಹಾನ್ಸ್ ರಿಕ್ಟರ್. ಆ ನಾಯಕನ ಕೈಕೆಳಗೆ ಕುಳಿತು, ನೂರು ಜನರ ಮೇಳವನ್ನು ಒಂದು ಕೋಲಿನ ತುದಿಯಿಂದ ನಡೆಸುವ ವಿದ್ಯೆಯನ್ನು ಫೋಲ್ಡ್ಸ್ ಕಣ್ಣಾರೆ ಕಂಡು ಕಲಿತನು. 1906ರಲ್ಲಿ ಅವನ ಒಂದು ಕೃತಿಯನ್ನು ಹೆನ್ರಿ ವುಡ್ ಎಂಬ ಪ್ರಸಿದ್ಧ ನಿರ್ದೇಶಕನು ಲಂಡನ್ನಿನ ಕ್ವೀನ್ಸ್ ಹಾಲಿನಲ್ಲಿ ನುಡಿಸಿದನು. ಆ ಬಳಿಕ ಹೊಟ್ಟೆಪಾಡಿಗಾಗಿ ಲಘುಸಂಗೀತವನ್ನೂ ನಾಟಕಗಳಿಗೆ ಬೇಕಾದ ಹಿನ್ನೆಲೆ ಸಂಗೀತವನ್ನೂ ರಾಶಿರಾಶಿಯಾಗಿ ರಚಿಸಿದನು. 1924ರಲ್ಲಿ ಲಂಡನ್ನಿನ ರಂಗಸ್ಥಳಕ್ಕೆ ಬಂದ ಬರ್ನಾರ್ಡ್ ಷಾನ ‘ಸೇಂಟ್ ಜೋನ್’ ನಾಟಕಕ್ಕೆ ಸಂಗೀತ ಒದಗಿಸಿದವನೂ ಇವನೇ. ಕೆಲ್ಟಿಕ್ ಜನರ ಶೋಕಗೀತದ ಧಾಟಿಯಲ್ಲಿ ಅವನು ಬರೆದ ಒಂದು ಸಣ್ಣ ತುಣುಕು ಜನಪ್ರಿಯವಾಗಿ, ಅವನ ದೊಡ್ಡ ಕೃತಿಗಳೆಲ್ಲ ಅದರ ನೆರಳಿನಲ್ಲಿ ಮರೆಯಾದುವು. ಜನರು ಇಷ್ಟಪಟ್ಟದ್ದೇ ಕವಿಗೆ ಶತ್ರುವಾಗುವುದು ನಮ್ಮ ಸಾಹಿತ್ಯದಲ್ಲಿಯೂ ಉಂಟಷ್ಟೆ.

ಇದಿಷ್ಟೇ ಆಗಿದ್ದರೆ ಅವನ ಚರಿತ್ರೆಯಿಂದ ನಮಗೆ ಪ್ರಯೋಜನವಿಲ್ಲ. ಆದರೆ ಅವನ ಕಿವಿಯು ಮೊದಲಿನಿಂದಲೂ ತನ್ನ ದೇಶದ ಹನ್ನೆರಡು ಸ್ವರಸ್ಥಾನಗಳಲ್ಲಿ ತೃಪ್ತಿಗೊಳ್ಳದೆ ಹೋಗಿತ್ತು. 1905ರಲ್ಲಿ ಬರೆದು ಮುಂದೆ ತಿದ್ದಿದ ಒಂದು ಚೆಲ್ಲೋ ಕೃತಿಯಲ್ಲಿ ಅವನು ಅರ್ಧಸ್ವರವನ್ನು ಮತ್ತೆ ಎರಡಾಗಿ ಒಡೆದು ಕಾಲುಸ್ವರಗಳನ್ನು ಪ್ರಯೋಗಿಸಿದ್ದಾನೆ. ಆಗಿನ್ನೂ ಅವನಿಗೆ ಹಿಂದೂಸ್ಥಾನದ ಪರಿಚಯವಿರಲಿಲ್ಲ. ಈ ಅಂಶವನ್ನು ವಾಚಕರು ಮರೆಯಬಾರದು. ಮುಂದೆ ಬರುವ ವಾದಕ್ಕೆ ಇದೇ ಆಧಾರ.

1915ರಲ್ಲಿ ಅವನಿಗೆ ಮಾಡ್ ಮೆಕಾರ್ಥಿ ಎಂಬ ವಿದುಷಿಯ ಪರಿಚಯವಾಯಿತು. ಈಕೆ ಐರ್ಲೆಂಡಿನವಳು, ಬಾಲ್ಯದಲ್ಲಿಯೇ ಪಿಟೀಲಿನಲ್ಲಿ ಅಸಾಧಾರಣಳೆನಿಸಿ, ಕೈಯ ಬೇನೆಯಿಂದ ಆ ವಾದ್ಯವನ್ನು ಬಿಡಬೇಕಾಗಿ ಬಂದವಳು. ಆ್ಯನಿ ಬೆಸಂಟರ ಜೊತೆಯಲ್ಲಿ ಭಾರತಕ್ಕೆ ಬಂದು, ಇಲ್ಲಿಯ ವಿದ್ವಾಂಸರ ಮುಂದೆ ಕುಳಿತು ಪಾಠ ಹೇಳಿಸಿಕೊಂಡು, ನಮ್ಮ ಶ್ರುತಿಗಳನ್ನು ತನ್ನ ಕಂಠದಲ್ಲಿಯೇ ನುಡಿದು ತೋರಿಸಬಲ್ಲವಳಾಗಿ ಹಿಂದಿರುಗಿದಳು. ಲಂಡನ್ನಿನ ಪಂಡಿತಸಭೆಗಳಲ್ಲಿ ಭಾರತೀಯ ಸಂಗೀತವನ್ನು ಕುರಿತು ಉಪನ್ಯಾಸ ಮಾಡಿದಳು. ಮುಂದೆ ಫೋಲ್ಡ್ಸನ ಪತ್ನಿಯಾದವಳು ಈಕೆಯೇ. ಕೈಹಿಡಿದವಳೇ ಗುರುವಾದಳೆಂದರೆ ತಪ್ಪಿಲ್ಲ. ನಮ್ಮ ಸಂಗೀತದ ಗಂಧವಿಲ್ಲದವನೆಂದು ಹಳಿಯುವವರು, ತಮ್ಮ ಮನೆಯಲ್ಲಿ ಇಪ್ಪತ್ತು ವರ್ಷ ದಿನಬೆಳಗೂ ಶ್ರುತಿವಿಚಾರ ನಡೆಯುತ್ತಿತ್ತೇ ಎಂದು ತಾವೇ ಕೇಳಿಕೊಳ್ಳಲಿ.

ಇವರಿಬ್ಬರ ಸಹಯೋಗದಿಂದ ಹುಟ್ಟಿದ ದೊಡ್ಡ ಕೃತಿಯ ಹೆಸರು ‘ವರ್ಲ್ಡ್ ರೆಕ್ವಿಯಂ’. ಮೊದಲನೆಯ ಮಹಾಯುದ್ಧದಲ್ಲಿ ಮಡಿದವರಿಗೆ, ಯಾವ ದೇಶದವರೆಂಬ ಭೇದವನ್ನೆಣಿಸದೆ, ಸಲ್ಲಿಸಿದ ಒಂದು ಬಗೆಯ ಶ್ರಾದ್ಧಗಾನವದು. 1923ನೆಯ ಇಸವಿ ನವೆಂಬರ್ 11ರ ರಾತ್ರಿ, ಯುದ್ಧ ನಿಂತ ದಿನದ ಸ್ಮರಣಾರ್ಥವಾಗಿ, ಲಂಡನ್ನಿನ ಆಲ್ಬರ್ಟ್ ಹಾಲಿನಲ್ಲಿ ಸುಮಾರು 1,200 ಮಂದಿ ಗಾಯಕರನ್ನೂ ವಾದಕರನ್ನೂ ಸೇರಿಸಿ ಫೋಲ್ಡ್ಸನೇ ಅದನ್ನು ನಡೆಸಿದನು. ಅದರ ಸಾಹಿತ್ಯದಲ್ಲಿ ಕ್ರೈಸ್ತರ ಧರ್ಮಗ್ರಂಥದ ವಾಕ್ಯಗಳೊಡನೆ ನಮ್ಮ ಕಬೀರದಾಸರ ಮಾತುಗಳೂ ಸೇರಿವೆ. ಕಾಶಿಯ ನೇಕಾರನೊಬ್ಬನ ನುಡಿಯನ್ನು ಸಾಮ್ರಾಜ್ಯದ ರಾಜಧಾನಿಯಲ್ಲಿ, ಮಕ್ಕಳನ್ನು ಕಳೆದುಕೊಂಡ ತಾಯಿತಂದೆಗಳ ಮುಂದೆ ಸಾವಿರ ಕಂಠಗಳಿಂದ ಹಾಡಿಸಿದ ಆ ಮನುಷ್ಯನನ್ನು, ನಾವು ದರ್ಪದ ಬಿಳಿಯ ಅಧಿಕಾರಿಯೆಂದು ಬಣ್ಣಿಸುತ್ತೇವೆ! ಜನಸಾಮಾನ್ಯರು ಆ ಗಾನವನ್ನು ಕಣ್ಣೀರಿನಿಂದ ಸ್ವಾಗತಿಸಿದರು, ವಿಮರ್ಶಕರು ಮೂಗುಮುರಿದರು. 1926ರವರೆಗೆ ವರ್ಷವರ್ಷವೂ ನಡೆದು, ಅನಂತರ ನಿಂತುಹೋಯಿತು.

ಸಂಸ್ಕೃತದ ಹೆಸರಿನಲ್ಲಿ ‘ಅವತಾರ’ ಎಂಬ ಗೇಯನಾಟಕವೊಂದನ್ನು ಅವನು ವರ್ಷಗಟ್ಟಲೆ ಬರೆಯುತ್ತಿದ್ದನು. ಅದು ಮುಗಿಯಲಿಲ್ಲ. ಅದರ ಮೂರು ಅಂಕಗಳಿಗೆ ಪೀಠಿಕೆಯಾಗಿ ಬರೆದ ಭಾಗಗಳು ಮಾತ್ರ ‘ತ್ರೀ ಮಂತ್ರಾಸ್’ ಎಂಬ ಹೆಸರಿನಲ್ಲಿ ಉಳಿದಿವೆ: ಕ್ರಿಯೆ, ಆನಂದ, ಇಚ್ಛೆ ಇವೇ ಆ ಮೂರು ಮಂತ್ರಗಳ ವಿಷಯ. ಶಾಸ್ತ್ರ ಬಲ್ಲವರಿಗೆ ಈ ಹೆಸರುಗಳನ್ನು ಕೇಳಿದ ಕೂಡಲೆ ಏನೋ ನೆನಪಾಗದಿರದು. ಲಂಡನ್ನಿನಲ್ಲಿ ಆದರ ತಪ್ಪಿದ ಮೇಲೆ 1927ರಲ್ಲಿ ಅವನು ಪ್ಯಾರಿಸ್ ನಗರಕ್ಕೆ ಹೋಗಿ, ಮೂಕಚಿತ್ರಗಳಿಗೆ ಪಿಯಾನೋ ಬಾರಿಸಿ ಜೀವಿಸಿದನು. ಪಿಯಾನೋ ಮತ್ತು ವೃಂದಕ್ಕಾಗಿ ಬರೆದ ‘ಡೈನಾಮಿಕ್ ಟ್ರಿಪ್ಟಿಕ್’ ಎಂಬ ಅವನ ಅತ್ಯುತ್ತಮ ಕೃತಿಯು ಆ ದುರ್ದಿನಗಳಲ್ಲಿ ಸಿದ್ಧವಾದುದು. 1934ರಲ್ಲಿ ‘ಮ್ಯೂಸಿಕ್ ಟುಡೇ’ ಎಂಬ ಗ್ರಂಥವನ್ನು ಪ್ರಕಟಿಸಿ, ಕಾಲುಸ್ವರಗಳ ವಿಚಾರವನ್ನೂ ಸ್ವರಮೇಳಗಳ ವಿಚಾರವನ್ನೂ ವಿಸ್ತಾರವಾಗಿ ಚರ್ಚಿಸಿದನು. ಮರುವರ್ಷ, ಐವತ್ತೈದರ ಹತ್ತಿರ ಹತ್ತಿರದ ವಯಸ್ಸಿನಲ್ಲಿ, ಹೆಂಡತಿಮಕ್ಕಳೊಡನೆ ಭಾರತಕ್ಕೆ ಬಂದನು. ನಮ್ಮ ಮೈಸೂರಿನಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ‘ಆಕಾಶವಾಣಿ’ಯನ್ನು ಆರಂಭಿಸಿದ್ದು ಅದೇ 1935ರಲ್ಲಿ ಎಂಬುದನ್ನು ಪ್ರಾಸಂಗಿಕವಾಗಿ ಹೇಳಿಬಿಡುತ್ತೇನೆ.

ಈ ದೇಶಕ್ಕೆ ಬಂದವನು ಬಂಗಲೆಯಲ್ಲಿ ಕೂರಲಿಲ್ಲ. ಪಂಜಾಬಿನ ಹಳ್ಳಿಗಳ ಹಾಡುಗಳನ್ನು ಕೇಳಿ ಬರೆದುಕೊಂಡನು. 1937ರಲ್ಲಿ ದೆಹಲಿಯ ರೇಡಿಯೋದಲ್ಲಿ ಕೆಲಸ ಸಿಕ್ಕಿದ ಮೇಲೆ, ಪಾಶ್ಚಾತ್ಯ ಸಂಗೀತವನ್ನು ನಡೆಸುವ ತನ್ನ ಕರ್ತವ್ಯದ ಜೊತೆಗೆ, ನಮ್ಮ ವಾದ್ಯಗಳನ್ನೇ ಕೂಡಿಸಿ ಒಂದು ವೃಂದವನ್ನು ಕಟ್ಟಿದನು. ಅದಕ್ಕಾಗಿ ಹೊಸ ಕೃತಿಗಳನ್ನು ರಚಿಸಿದನು. ಪೂರ್ವಪಶ್ಚಿಮಗಳ ವಾದ್ಯಗಳೆರಡನ್ನೂ ಕೂಡಿಸಿ ಒಂದು ಸಿಂಫನಿಯನ್ನೇ ಬರೆದನು.

ಇನ್ನು ಹಾರ್ಮೋನಿಯಂ ವಿಚಾರ. ಅವನು ಹೇಳಿದ್ದರಲ್ಲಿ ಸತ್ಯವಿದೆಯೇ ಇಲ್ಲವೇ ಎಂಬುದು ಪ್ರಶ್ನೆಯೇ ಹೊರತು, ಹೇಳಿದವನ ಚರ್ಮದ ಬಣ್ಣವು ಪ್ರಶ್ನೆಯಲ್ಲ. ಆ ಪೆಟ್ಟಿಗೆಯು 1840ರ ದಶಕದಲ್ಲಿ ಪ್ಯಾರಿಸಿನ ದೆಬೇನ್ ಎಂಬವನ ಕೈಯಲ್ಲಿ ರೂಪುಗೊಂಡು, ಪಾದ್ರಿಗಳ ಜೊತೆಯಲ್ಲಿ ಇಲ್ಲಿಗೆ ಬಂತು. ಕಲ್ಕತ್ತೆಯ ದ್ವಾರಕಾನಾಥ ಘೋಷರು 19ನೆಯ ಶತಮಾನದ ಉತ್ತರಾರ್ಧದಲ್ಲಿ ಅದರ ಕಾಲುಗಳನ್ನು ಕಿತ್ತು, ತಿದಿಯನ್ನು ಹಿಂದಕ್ಕಿಟ್ಟು, ಚಾಪೆಯ ಮೇಲೆ ಕುಳಿತು ಒಂದು ಕೈಯಿಂದ ಒತ್ತಿ ಇನ್ನೊಂದು ಕೈಯಿಂದ ನುಡಿಸುವಂತೆ ಮಾಡಿದರು. ಅಂದಿನಿಂದ ಅದು ಮನೆಮನೆಗೂ ನುಗ್ಗಿತು. ಅದರ ನಾಲಗೆಗಳನ್ನು ಹನ್ನೆರಡು ಸಮಭಾಗದ ಲೆಕ್ಕದಲ್ಲಿ ಶ್ರುತಿಮಾಡಿರುತ್ತಾರೆ. ಒಂದು ಅರ್ಧಸ್ವರವನ್ನು ನೂರು ಭಾಗಮಾಡಿ ಎಣಿಸಿದರೆ, ಆ ಪೆಟ್ಟಿಗೆಯ ಅಂತರಗಾಂಧಾರವು ತಂಬೂರಿಯ ತಂತಿಯಿಂದ ತಾನಾಗಿ ಹೊರಡುವ ಗಾಂಧಾರಕ್ಕಿಂತ ಹದಿನಾಲ್ಕು ಭಾಗದಷ್ಟು ಮೇಲೆ ನಿಲ್ಲುತ್ತದೆ. ತಂಬೂರಿಯೊಂದು ಹೇಳುತ್ತದೆ, ಪೆಟ್ಟಿಗೆಯೊಂದು ಹೇಳುತ್ತದೆ. ನಡುವೆ ಕುಳಿತ ಗಾಯಕನು ಯಾರ ಮಾತನ್ನು ಕೇಳಬೇಕು?

ಇದಾದರೂ ಚಿಕ್ಕ ದೋಷ. ನಾಲಗೆಗಳನ್ನು ಅರದಿಂದ ಉಜ್ಜಿ ಶ್ರುತಿಯನ್ನು ತಿದ್ದಬಹುದು. ಹಾಗೆ ತಿದ್ದಿದ ಶ್ರುತಿ ಹಾರ್ಮೋನಿಯಂಗಳನ್ನು ಕ್ಲೆಮೆಂಟ್ಸ್ ಎಂಬ ಆಂಗ್ಲೇಯ ಅಧಿಕಾರಿಯೂ ಸಾಂಗಲಿಯ ದೇವಲರೂ ಸೇರಿ ನೂರು ವರ್ಷಕ್ಕೂ ಹಿಂದೆಯೇ ಮಾಡಿಸಿ ನೋಡಿದ್ದಾರೆ. ದೊಡ್ಡ ದೋಷ ಬೇರೆಯಿದೆ. ನಮ್ಮ ಸಂಗೀತದಲ್ಲಿ ಸ್ವರವೆಂಬುದು ನೆಟ್ಟ ಗೂಟವಲ್ಲ. ತೋಡಿಯ ಗಾಂಧಾರವನ್ನು ತೆಗೆದುಕೊಳ್ಳಿ. ಅದು ಒಂದೆಡೆಯಲ್ಲಿ ನಿಲ್ಲುವುದೇ ಇಲ್ಲ; ರಿಷಭದ ಕಡೆಗೆ ಬಾಗಿ, ಮಧ್ಯಮದ ಕಡೆಗೆ ಏರಿ, ಆ ತೂಗಾಟದಲ್ಲಿಯೇ ತನ್ನ ರೂಪವನ್ನು ತೋರಿಸುತ್ತದೆ. ದರ್ಬಾರಿಯ ಗಾಂಧಾರದ ಆಂದೋಲನವೂ ಹಾಗೆಯೇ. ಪೆಟ್ಟಿಗೆಯ ಮನೆಯನ್ನು ಒತ್ತಿದರೆ ಒಂದು ದನಿ ಹೊರಡುತ್ತದೆ, ಬಿಟ್ಟರೆ ನಿಲ್ಲುತ್ತದೆ. ಒಂದು ಮನೆಗೂ ಪಕ್ಕದ ಮನೆಗೂ ನಡುವೆ ದಾರಿಯೆಂಬುದಿಲ್ಲ. ಗಮಕವಿಲ್ಲದ ತೋಡಿಯು ವಿಭಕ್ತಿಪ್ರತ್ಯಯಗಳನ್ನು ಕಿತ್ತುಹಾಕಿದ ಶ್ಲೋಕದಂತೆ: ಶಬ್ದಗಳಿರುತ್ತವೆ, ಅನ್ವಯವಿರುವುದಿಲ್ಲ. ಫೋಲ್ಡ್ಸನ ಆಕ್ಷೇಪಣೆಯ ಸಾರ ಇದೇ. ಇದನ್ನು ಅವನು ಕಚೇರಿಯ ಕುರ್ಚಿಯಿಂದ ಕಲಿತದ್ದಲ್ಲ. ಕಾಲುಸ್ವರಗಳನ್ನು ಅರಸಿ ಮೂವತ್ತು ವರ್ಷ ಅಲೆದ ಕಿವಿಯಿಂದ ಕಲಿತದ್ದು.

ಇದಕ್ಕೆ ಎದುರಾಗಿ ಬರುವ ಒಂದು ಮಾತು: ವಿದೇಶದ್ದೆಂಬ ಕಾರಣಕ್ಕೆ ಹಾರ್ಮೋನಿಯಂ ಬೇಡವಾದರೆ ಪಿಟೀಲೂ ಬೇಡವಾಗಬೇಕಲ್ಲವೇ ಎಂದು. ಈ ಮಾತನ್ನಾಡುವವರು ತಮ್ಮ ಪಕ್ಷವನ್ನು ತಾವೇ ಮುರಿಯುತ್ತಿದ್ದಾರೆ. ಪಿಟೀಲು ಯೂರೋಪಿನದು, ಬಾಲುಸ್ವಾಮಿ ದೀಕ್ಷಿತರ ಕಾಲದಿಂದ ಅದು ನಮ್ಮದಾಗಿದೆ. ಏಕೆಂದರೆ ಅದರ ತಂತಿಯ ಮೇಲೆ ಬೆರಳು ಜಾರಬಲ್ಲುದು. ದಕ್ಷಿಣ ಕನ್ನಡದ ಕದ್ರಿ ಗೋಪಾಲನಾಥರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಎಂಬ ವಾದ್ಯವನ್ನು ಕೇಳಿ ಮನಸೋತು, ವರ್ಷಗಟ್ಟಲೆ ಸಾಧನೆ ಮಾಡಿ, ಆ ಹಿತ್ತಾಳೆಯ ಕೊಳವೆಯಿಂದ ಕರ್ನಾಟಕ ಸಂಗೀತದ ಗಮಕಗಳನ್ನು ಹೊರಡಿಸಿದರು. ಅದನ್ನು ಯಾರು ಬೇಡವೆಂದರು? ಆಕ್ಷೇಪಣೆಯಿರುವುದು ವಾದ್ಯದ ಜನ್ಮಭೂಮಿಯ ಮೇಲಲ್ಲ, ಅದರ ಬಿಗುಮಾನದ ಮೇಲೆ. ಹುಟ್ಟಿನಿಂದ ವಾದ್ಯವನ್ನು ಅಳೆಯಬಾರದೆನ್ನುವವರೇ ಫೋಲ್ಡ್ಸನನ್ನು ಮಾತ್ರ ಹುಟ್ಟಿನಿಂದ ಅಳೆಯುತ್ತಾರೆ. ಇದು ಯಾವ ನ್ಯಾಯವೋ ತಿಳಿಯದು.

ಇನ್ನೊಂದು ಮಾತು ಇದಕ್ಕಿಂತ ಬಲವಾದದ್ದು. ಭೀಮಸೇನ ಜೋಶಿಯವರಂಥ ಮಹಾಗಾಯಕರ ಪಕ್ಕದಲ್ಲಿ ಹಾರ್ಮೋನಿಯಂ ಇತ್ತು; ಬೆಳಗಾವಿಯ ರಾಮಭಾವು ಬಿಜಾಪುರೆಯವರು ಆ ಪೆಟ್ಟಿಗೆಯಿಂದಲೇ ರಾಗವನ್ನು ಬಿಡಿಸಿ ತೋರಿಸಿದರು; ಉತ್ತರ ಕರ್ನಾಟಕದ ನಾಟಕ ಕಂಪೆನಿಗಳು ಕಾಲುಪೆಟ್ಟಿಗೆಯ ಮೇಲೆಯೇ ನಿಂತಿದ್ದುವು ಎಂದು ಹೇಳುತ್ತಾರೆ. ಇದೆಲ್ಲವೂ ನಿಜ. ಬಿಜಾಪುರೆಯವರ ಬೆರಳಿನ ಚಮತ್ಕಾರವನ್ನು ಅಲ್ಲಗಳೆಯುವಷ್ಟು ಅರಸಿಕನು ನಾನಲ್ಲ. ಆದರೆ ಅವರು ಗೆದ್ದದ್ದು ವಾದ್ಯದ ಗುಣದಿಂದಲೋ, ವಾದ್ಯದ ದೋಷವನ್ನು ಮುಚ್ಚಿದ ತಮ್ಮ ಪ್ರತಿಭೆಯಿಂದಲೋ ಎಂಬುದನ್ನು ಯೋಚಿಸಬೇಕು. ಮಹಾಗಾಯಕನ ಕಂಠವು ಪೆಟ್ಟಿಗೆಯನ್ನು ಹಿಂದೆ ಕರೆದುಕೊಂಡು ಹೋಗುತ್ತದೆ. ಮನೆಯಲ್ಲಿ ಕಲಿಯುವ ಏಳು ವರ್ಷದ ಮಗುವಿನ ಕಂಠವನ್ನಾದರೋ ಪೆಟ್ಟಿಗೆಯೇ ಮುಂದೆ ನಿಂತು ಎಳೆಯುತ್ತದೆ. ಈಗ ಆ ಪೆಟ್ಟಿಗೆಯ ಸ್ಥಾನದಲ್ಲಿ ವಿದ್ಯುತ್ತಿನ ಕೀಲಿಮಣೆ ಬಂದು ಕುಳಿತಿದೆ. ಮಾಯಾಮಾಳವಗೌಳದ ಸರಳೆಯನ್ನು ಅದರ ಮೇಲೆ ಒತ್ತಿ, ಅದರಂತೆ ಹಾಡು ಎಂದು ಮಗುವಿಗೆ ಹೇಳುವ ಮನೆಗಳನ್ನು ನಾನು ಕಂಡಿದ್ದೇನೆ. ಎರಡು ವರ್ಷ ಹಾಗೆ ಕಲಿತ ಮಗುವಿನ ಬಾಯಲ್ಲಿ ಋಷಭವು ಮೊಳೆಹೊಡೆದಂತೆ ನಿಲ್ಲುತ್ತದೆ. ಆಮೇಲೆ ಅದನ್ನು ಅಲುಗಿಸಲು ಗುರುವು ಪಡುವ ಪಾಡನ್ನು ಗುರುಗಳನ್ನೇ ಕೇಳಿ ತಿಳಿಯಬೇಕು. ಫೋಲ್ಡ್ಸನ ಲೇಖನವು ಎಂಬತ್ತು ವರ್ಷಗಳಿಗೂ ಹಿಂದಿನದಾದರೂ ಅದರ ವಿಷಯವು ಹಳತಾಗಿಲ್ಲ.

ಇಷ್ಟು ಹೇಳಿದ ಮಾತ್ರಕ್ಕೆ ನಿಷೇಧವನ್ನು ನಾನು ಸಮರ್ಥಿಸಿದೆನೆಂದು ಯಾರೂ ಭಾವಿಸಬಾರದು. ವಾದವು ಸರಿ, ಅಪ್ಪಣೆಯು ತಪ್ಪು. ವಾದಕ್ಕೆ ಪ್ರತಿವಾದವನ್ನು ಹೂಡಬಹುದು, ಅಪ್ಪಣೆಗೆ ಏನು ಹೂಡುವುದು? ಧಾರವಾಡದ ನಿಲಯವು 1950ರ ಜನವರಿಯಲ್ಲಿ ಆರಂಭವಾದಾಗ ಈ ನಿಷೇಧವು ಬಲವಾಗಿಯೇ ಇತ್ತು. ಊರಿನ ಬೈಠಕ್ಕುಗಳಲ್ಲೆಲ್ಲ ಹಾರ್ಮೋನಿಯಂ ಕೇಳಿಬರುತ್ತಿದ್ದ ಪ್ರಾಂತ್ಯದಲ್ಲಿ, ನಿಲಯದ ಬಾಗಿಲಿನ ಹೊರಗೆ ಮಾತ್ರ ಅದನ್ನು ಬಿಟ್ಟು ಬರಬೇಕಾಯಿತು. ರಾಜಾಶ್ರಯಗಳು ಮುಗಿದುಹೋಗಿ ರೇಡಿಯೋ ಒಂದೇ ಅನ್ನದಾತನಾಗಿದ್ದ ಕಾಲವದು. ದೋಷ ವಾದ್ಯದ್ದು, ಉಪವಾಸ ವಾದಕನದು! 1971ರ ಸುಮಾರಿಗೆ ಚರ್ಚೆಗಳು ನಡೆದು ನಿರ್ಬಂಧವು ಸಡಿಲವಾಗುವ ವೇಳೆಗೆ ಒಂದು ತಲೆಮಾರು ಸವೆದಿತ್ತು. ಈ ಅನ್ಯಾಯಕ್ಕೆ ಉತ್ತರ ಹೇಳಬೇಕಾದವರು, ಸ್ವಾತಂತ್ರ್ಯ ಬಂದ ಮೇಲೂ ಇಪ್ಪತ್ತನಾಲ್ಕು ವರ್ಷ ಆ ಅಪ್ಪಣೆಯನ್ನು ಕಾಪಾಡಿದ ನಮ್ಮವರೇ. 1939ರಲ್ಲಿ ಕಣ್ಮುಚ್ಚಿದವನನ್ನು 1960ರ ತಪ್ಪಿಗೆ ಕಟಕಟೆಗೆ ಎಳೆಯುವುದು ಕೇವಲ ನುಣುಚಿಕೊಳ್ಳುವ ಉಪಾಯ.

ಫೋಲ್ಡ್ಸನಲ್ಲಿ ಆಕ್ಷೇಪಿಸತಕ್ಕ ಅಂಶವೇ ಇಲ್ಲವೇ ಎಂದರೆ, ಉಂಟು. ವಿಚಿತ್ರವೇನೆಂದರೆ ಅವನನ್ನು ನಿಂದಿಸುವವರು ಅದನ್ನು ಗಮನಿಸಿಯೇ ಇಲ್ಲ. ದೆಹಲಿಯಲ್ಲಿ ಅವನು ಕಟ್ಟಿದ ವೃಂದದ ಕಲಾವಿದರಿಗೆ ಯೂರೋಪಿನ ಸ್ವರಲಿಪಿಯನ್ನು ಕಲಿಸಿ, ಬರೆದದ್ದನ್ನು ನೋಡಿ ನುಡಿಸುವಂತೆ ಅವರನ್ನು ಪಳಗಿಸಿದನು. ಗುರುವಿನ ಬಾಯಿಂದ ಶಿಷ್ಯನ ಕಿವಿಗೆ ಹರಿದುಬಂದ ವಿದ್ಯೆಯನ್ನು ಐದು ಗೆರೆಗಳ ಕಾಗದದ ಮೇಲೆ ಕೂರಿಸಿದರೆ, ಗಮಕವು ಎಲ್ಲಿಗೆ ಹೋಗಬೇಕು? ಪೆಟ್ಟಿಗೆಯ ಮನೆಗಳು ಸ್ವರವನ್ನು ಕಟ್ಟಿಹಾಕುತ್ತವೆಂದು ದೂರಿದವನೇ ಲಿಪಿಯ ಗೆರೆಗಳಿಂದ ಅದನ್ನು ಕಟ್ಟಲು ಹೊರಟನಲ್ಲ! ಹಲವರು ಕೂಡಿ ನುಡಿಸುವಾಗ ಮನೋಧರ್ಮಕ್ಕೆ ಎಡೆ ತಪ್ಪುತ್ತದೆ. ಮನೋಧರ್ಮ ತಪ್ಪಿದರೆ ರಾಗಾಲಾಪನೆಯ ಜೀವವೇ ಹೋಗುತ್ತದೆ. ಅವನ ಪಕ್ಷದಿಂದ ಸಮಾಧಾನ ಹೇಳುವುದಾದರೆ, ವೃಂದವಾದನವೆಂಬುದು ಕಛೇರಿಗೆ ಬದಲಾಗಿ ಬಂದದ್ದಲ್ಲ, ಬೇರೆಯೇ ಒಂದು ಪ್ರಕಾರ ಎನ್ನಬಹುದು. ನನಗಂತೂ ಆ ಸಮಾಧಾನವು ಪೂರ್ತಿಯಾಗಿ ಒಪ್ಪಿಗೆಯಾಗಿಲ್ಲ. ಆದರೆ ಚರ್ಚೆ ಮಾಡುವುದಾದರೆ ಇಲ್ಲಿ ಮಾಡಬೇಕು.

ಆ ಚರ್ಚೆಯನ್ನು ಎತ್ತುವುದಕ್ಕೆ ನಮ್ಮವರಿಗೆ ಒಂದು ಸಂಕೋಚವಿದೆ. 1952ರಲ್ಲಿ ದೆಹಲಿಯ ಆಕಾಶವಾಣಿಯವರೇ ‘ವಾದ್ಯವೃಂದ’ವೆಂಬ ಮೇಳವನ್ನು ಸ್ಥಾಪಿಸಿ, ಪಂಡಿತ ರವಿಶಂಕರರನ್ನೂ ಟಿ. ಕೆ. ಜಯರಾಮ ಅಯ್ಯರವರನ್ನೂ ಅದಕ್ಕೆ ನಾಯಕರನ್ನಾಗಿ ಮಾಡಿದರು. ಅದೇ ನಗರದಲ್ಲಿ, ಅದೇ ಸಂಸ್ಥೆಯಲ್ಲಿ ಒಂದು ದಶಕಕ್ಕೂ ಹಿಂದೆ ಫೋಲ್ಡ್ಸ್ ಹೂಡಿದ ಉದ್ಯಮವೇ ಇದು. ಅದನ್ನು ಮುಂದುವರಿಸಿದಾಗ ನಮ್ಮದೆಂದೆವು, ಅವನ ಹೆಸರನ್ನು ಬಿಟ್ಟೆವು. ಅವನು ಹೊರಡಿಸದ ಅಪ್ಪಣೆಗೆ ಮಾತ್ರ ಅವನ ಹೆಸರನ್ನು ಅಂಟಿಸಿದೆವು.

1939ರ ವಸಂತದಲ್ಲಿ ಅವನನ್ನು ಕಲ್ಕತ್ತೆಗೆ ಕಳುಹಿಸಿದರು. ಅಲ್ಲಿ ಕಾಲಿಟ್ಟ ಕೆಲವೇ ದಿನಗಳಲ್ಲಿ ಕಾಲರಾ ತಗುಲಿ, ಐವತ್ತೆಂಟನೆಯ ವಯಸ್ಸಿನಲ್ಲಿ ತೀರಿಕೊಂಡನು. ಪತ್ನಿಯು ಮುಂದೆ ಸನ್ಯಾಸವನ್ನು ಸ್ವೀಕರಿಸಿ ಸ್ವಾಮಿ ಓಮಾನಂದ ಪುರಿ ಎಂಬ ಹೆಸರನ್ನು ಪಡೆದಳು. ಅವಳು ಕಾಲವಾದದ್ದು 1967ರಲ್ಲಿ. ಫೋಲ್ಡ್ಸನ ಹಸ್ತಪ್ರತಿಗಳಲ್ಲಿ ಕೆಲವು ಕಳೆದುಹೋದುವು, ಕೆಲವು ಇಲಿ ಗೆದ್ದಲುಗಳ ಪಾಲಾದುವು. ತಾಳೆಯೋಲೆಗಳ ಗತಿಯನ್ನು ಕಂಡ ನಮಗೆ ಇದನ್ನು ವಿವರಿಸಬೇಕಾಗಿಲ್ಲ. 1970ರ ದಶಕದಿಂದೀಚೆಗೆ ಮಾಲ್ಕಮ್ ಮೆಕ್‌ಡೊನಾಲ್ಡ್ ಎಂಬ ವಿಮರ್ಶಕನು ಉಳಿದ ಪ್ರತಿಗಳನ್ನು ಹುಡುಕಿ ಓದಿ ಅವನ ಕೀರ್ತಿಯನ್ನು ಎತ್ತಿಹಿಡಿದನು. 2004ರಲ್ಲಿ ಬರ್ಮಿಂಗ್‌ಹ್ಯಾಮ್ ನಗರದ ವೃಂದವು ಸಕಾರಿ ಒರಾಮೊ ಎಂಬ ನಿರ್ದೇಶಕನ ನಾಯಕತ್ವದಲ್ಲಿ ಮೂರು ಮಂತ್ರಗಳನ್ನು ಧ್ವನಿಮುದ್ರಿಸಿ ಹೊರತಂದಿತು. 2007ರ ನವೆಂಬರ್ 11ರಂದು, ಎಂಬತ್ತೊಂದು ವರ್ಷಗಳ ಮೌನದ ಬಳಿಕ, ಆ ಶ್ರಾದ್ಧಗಾನವು ಅದೇ ಆಲ್ಬರ್ಟ್ ಹಾಲಿನಲ್ಲಿ ಮತ್ತೆ ಕೇಳಿಬಂತು. ಅವನ ನಾಡಿನವರು ಹೀಗೆ ತಮ್ಮ ಋಣವನ್ನು ಒಂದಿಷ್ಟು ತೀರಿಸಿಕೊಂಡಿದ್ದಾರೆ. ದೆಹಲಿಯಲ್ಲಿ ಅವನು ಬರೆದ ಪೂರ್ವಪಶ್ಚಿಮಗಳ ಸಿಂಫನಿಯು ಮಾತ್ರ ಇಂದಿಗೂ ದೊರೆತಿಲ್ಲ.

ಸಂಗೀತದ ಇತಿಹಾಸವನ್ನು ಬರೆಯುವವರಲ್ಲಿಯೂ ಸಭೆಗಳಲ್ಲಿ ಉಪನ್ಯಾಸ ಮಾಡುವವರಲ್ಲಿಯೂ ನನ್ನ ಪ್ರಾರ್ಥನೆ ಇಷ್ಟೇ. ಹಾರ್ಮೋನಿಯಂ ಪಕ್ಷವನ್ನು ವಹಿಸುವವರು ಧಾರಾಳವಾಗಿ ವಹಿಸಲಿ. ಆದರೆ ಗಮಕದ ಪ್ರಶ್ನೆಗೆ ಉತ್ತರ ಕೊಟ್ಟು ವಹಿಸಲಿ. ನಿಷೇಧವನ್ನು ನಿಂದಿಸುವವರು 1940ರ ಮಾರ್ಚಿ 1ನೆಯ ತಾರೀಖನ್ನೂ ರವೀಂದ್ರರ ಪತ್ರವನ್ನೂ 1971ರವರೆಗಿನ ನಮ್ಮ ಅಧಿಕಾರಿಗಳನ್ನೂ ಹೆಸರಿಸಿ ನಿಂದಿಸಲಿ. ಪಠ್ಯಗಳಲ್ಲಿಯೂ ಸ್ಮರಣಸಂಚಿಕೆಗಳಲ್ಲಿಯೂ ‘ಆಂಗ್ಲ ಅಧಿಕಾರಿಯ ಅಪ್ಪಣೆಯಿಂದ’ ಎಂಬ ಮಾತು ಎಲ್ಲೆಲ್ಲಿ ಅಚ್ಚಾಗಿದೆಯೋ, ಮುಂದಿನ ಮುದ್ರಣದಲ್ಲಿ ಅದನ್ನು ಹೊಡೆದುಹಾಕಲಿ.